ಗಂಜಿ ಹಾಕಿದ ರಿಬ್ಬನ್

ನಮ್ಮದು ಜವಳಿ ಅಂಗಡಿ, ಆದರೆ ಅದರಲ್ಲಿ ರೇಷ್ಮೆ ಇರಲಿಲ್ಲ. ಹೊಸಬರು ಯಾರಾದರೂ ಮದುವೆ ಜವಳಿ ತೆಗೆಯಲು ಹಳೇಬೀಡಿಗೆ ಬಂದು ನಮ್ಮ ಜಗಲಿ ಹತ್ತಿದರೆ, ಅಪ್ಪ ಅವರನ್ನು ಕೂರಿಸಿ, ನೀರು ಕೊಟ್ಟು, ಧಾರೆ ಸೀರೆಗೆ ಹಾಸನಕ್ಕೋ ಅರಸೀಕೆರೆಗೋ ಹೋಗಿ ಎಂದು ತಾವೇ ಬಸ್ಸು ತೋರಿಸುತ್ತಿದ್ದರು. ಇದಕ್ಕೆ ಕಾರಣ ಅಪ್ಪನ ತಾಯಿ, ನನ್ನ ಅಜ್ಜಿ. ನಾನು ಹುಟ್ಟುವ ಮೊದಲು ನಮ್ಮೂರ ಬಸದಿಗೆ ಬಂದಿದ್ದ ಮುನಿಗಳೊಬ್ಬರು, ರೇಷ್ಮೆಗೂಡನ್ನು ಒಳಗಿನ ಜೀವದ ಸಮೇತ ಬಿಸಿನೀರಿಗೆ ಹಾಕುವ ಬಗೆಯನ್ನು ಬಿಡಿಸಿ ಹೇಳಿದರಂತೆ. ಅಜ್ಜಿ ಅಲ್ಲೇ ಎದ್ದು ಕೈಮುಗಿದು, ಬದುಕಿರುವ ತನಕ ರೇಷ್ಮೆ ಉಡುವುದಿಲ್ಲ, ತನ್ನ ಹೊಸಿಲು ದಾಟಲು ಬಿಡುವುದಿಲ್ಲ ಎಂದು ನಿಯಮ ತೆಗೆದುಕೊಂಡು ಮನೆಗೆ ಬಂದಳು. ಜೈನರಲ್ಲಿ ರೇಷ್ಮೆ ಉಡುವವರು ಬೇಕಾದಷ್ಟು ಜನ ಇದ್ದರು. ಅಜ್ಜಿಯ ನಿಯಮ ಅಜ್ಜಿಯದು. ಕಷ್ಟ ಏನೆಂದರೆ, ಅಂಗಡಿಗೂ ಮನೆಗೂ ಇದ್ದದ್ದು ಒಂದೇ ಹೊಸಿಲು. ಹೀಗಾಗಿ ಕಪಾಟಿನಲ್ಲಿದ್ದ ರೇಷ್ಮೆ ಸೀರೆಗಳೆಲ್ಲ ಬೇರೆ ವ್ಯಾಪಾರಿಗಳ ಪಾಲಾದವು, ನಮ್ಮಲ್ಲಿ ಪಾಪ್ಲಿನ್ನು, ವಾಯಿಲ್ಲು, ಟೆರಿಕಾಟು, ಚೌಕುಳಿ ಟವೆಲ್ಲು ಉಳಿದವು. ಹೊಳೆಯುವ ಬಟ್ಟೆ ಯಾವುದೇ ಇರಲಿ, ಅಜ್ಜಿಗೆ ಅದರ ಮೇಲೆ ಗುಮಾನಿ. ಎಳೆ ಸುಟ್ಟು ನೋಡದೆ ಸ್ಯಾಟಿನ್ ಕೂಡ ಒಳಗೆ ಬರುತ್ತಿರಲಿಲ್ಲ.

ಅಂಗಡಿ ದಾಟಿದರೆ ನಡುಮನೆ, ಆಮೇಲೆ ಅಡುಗೆಮನೆ, ಅದರ ಹಿಂದೆ ಬಾವಿಯಿದ್ದ ಹಿತ್ತಲು. ಬಾವಿಯ ನೀರನ್ನು ಅಮ್ಮ ಬಟ್ಟೆಯಲ್ಲಿ ಸೋಸದೆ ಒಳಗೆ ತರುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಎಲ್ಲರ ಊಟವೂ ಆಗಬೇಕಿತ್ತು. ಪಕ್ಕದ ಮನೆಗಳಲ್ಲಿ ರಾತ್ರಿಯಡುಗೆಗೆ ಒಲೆ ಹಚ್ಚುವ ಹೊತ್ತಿಗೆ ನಮ್ಮ ತಟ್ಟೆಗಳು ತೊಳೆದು ಕವುಚಿರುತ್ತಿದ್ದವು. ಆ ಊಟದಲ್ಲಿ ಇನ್ನೊಂದು ಪದ್ಧತಿ ಇತ್ತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದು, ಹತ್ತಿರದ್ದು ಮಸುಕು, ದೂರದ್ದು ಏನೂ ಇಲ್ಲ ಎನ್ನುವ ಹಾಗಾಗಿತ್ತು. ಆಪರೇಷನ್ ಎಂದರೆ ಸಾಕು, ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಾಗಾಗಿ ಆ ದಿನ ಕಂಡದ್ದನ್ನೆಲ್ಲ ನಾವು ಅವಳಿಗೆ ಹೇಳಬೇಕು. ಯಾರ ಎಮ್ಮೆ ಯಾರ ಗದ್ದೆಗೆ ನುಗ್ಗಿತು, ಹಾರನಹಳ್ಳಿಯಿಂದ ಬಂದ ಗಿರಾಕಿ ಯಾವ ಬಣ್ಣ ಆರಿಸಿದಳು, ಅಮ್ಮನ ಕೋಪ ಮುಖದಲ್ಲಿ ಎಷ್ಟು ಕಾಣುತ್ತಿದೆ, ಎಲ್ಲವೂ ಬೇಕು. ನಾನು ಸ್ವಲ್ಪ ರಂಗು ಹಚ್ಚಿದರೆ ತಕ್ಷಣ ಗದರುತ್ತಿದ್ದಳು.

“ಇದ್ದಂಗೆ ಹೇಳೇ. ಸಕ್ಕರೆ ಹಾಕ್ಬೇಡ.”

ಇದ್ದ ಹಾಗೆ ಹೇಳುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ. ಅದು ಅವರ ಗುಣವೋ ಕಾಯಿಲೆಯೋ ಎಂದು ಅಮ್ಮನಿಗೆ ಅನುಮಾನ. ಗಿರಾಕಿ ಒಂದು ಬಟ್ಟೆಯನ್ನು ಮೆಚ್ಚಿ, ಮಡಚಿ, ಇನ್ನೇನು ಚೀಲಕ್ಕೆ ಹಾಕಬೇಕು ಅನ್ನುವಾಗ ಅಪ್ಪ ಬಾಯಿ ಬಿಡುತ್ತಿದ್ದರು: “ಒಂದ್ ಮಾತು, ಇದು ಮೊದಲ್ನೇ ಒಗೆತಕ್ಕೆ ಬಣ್ಣ ಬಿಡ್ತೈತೆ.” ಒಳಗಿನಿಂದ ಅಮ್ಮ ಹಣೆ ಚಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. ಈ ಮನುಷ್ಯ ಅಂಗಡಿ ಇಟ್ಟದ್ದು ಬಟ್ಟೆ ಮಾರಲೋ ಅಥವಾ ಅದರ ಮೇಲೆ ಚಾಡಿ ಹೇಳಲೋ ಎಂದು ಅವಳು ಬಾವಿಕಟ್ಟೆಗೆ ಕೇಳುವಂತೆ ಗೊಣಗುತ್ತಿದ್ದಳು.

ನಾನು ಮಿಡ್ಲ್ ಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಶಾಲೆಗೆ ಸ್ಟೆಲ್ಲಾ ಮಿಸ್ ಬಂದರು. ಹಾಸನದವರು, ಬೆಂಗಳೂರಿನಲ್ಲಿ ಪಿ.ಟಿ. ಕಲಿತು ಬಂದವರು. ಅಲ್ಲಿಯವರೆಗೆ ಹುಡುಗಿಯರ ಆಟವೆಂದರೆ ಖೋ ಖೋ, ಇಲ್ಲವೇ ನೆರಳಿನಲ್ಲಿ ಕೂತು ಹುಡುಗರ ಕಬಡ್ಡಿ ನೋಡುವುದು. ಮಿಸ್ ಮೊದಲ ದಿನವೇ ಕಪ್ಪು ಹಲಗೆಯ ಮೇಲೆ ಐದು ಚಿತ್ರ ಬರೆದರು.

“ಹಗ್ಗ, ಮೈ ತೂರುವಷ್ಟು ದೊಡ್ಡ ಬಳೆ, ಚೆಂಡು, ಗದೆ, ರಿಬ್ಬನ್. ಕೈಯಲ್ಲಿ ಇವುಗಳಲ್ಲಿ ಒಂದು, ಕಾಲಲ್ಲಿ ಕುಣಿತ, ಜೊತೆಗೆ ಸಂಗೀತ. ಇದಕ್ಕೆ ರಿದಮಿಕ್ ಜಿಮ್ನಾಸ್ಟಿಕ್ಸ್ ಅಂತಾರೆ. ಹೆಣ್ಣುಮಕ್ಕಳದ್ದೇ ಆಟ. ಈ ವರ್ಷ ಲಾಸ್ ಏಂಜಲೀಸ್‌ನಲ್ಲಿ ಮೊದಲನೇ ಸಲ ಒಲಿಂಪಿಕ್ಸ್‌ಗೆ ಸೇರಿಸಿದ್ದಾರೆ, ಗೊತ್ತಾ?”

ನಮಗೆ ಬೇಲೂರೇ ದೊಡ್ಡ ಪಟ್ಟಣ. ಲಾಸ್ ಏಂಜಲೀಸ್ ಎಲ್ಲಿದೆ ಎಂದು ಕೇಳುವಷ್ಟೂ ಧೈರ್ಯ ಇರಲಿಲ್ಲ. ಆದರೆ ಆ ಐದು ಚಿತ್ರಗಳು ನನ್ನ ತಲೆಯಲ್ಲಿ ಕೂತುಬಿಟ್ಟವು. ಮಿಸ್ ಒಂದೊಂದರ ಕತೆ ಹೇಳುತ್ತಿದ್ದರು. ಯೂರೋಪಿನ ಡ್ರಿಲ್ ಮೇಷ್ಟ್ರುಗಳು ಮತ್ತು ಡ್ಯಾನ್ಸ್ ಕಲಿಸುವವರು ಹೆಂಗಸರ ಮೈ ಹಗುರಾಗಲೆಂದು ಶುರು ಮಾಡಿದ ಕಸರತ್ತಿಗೆ ರಷ್ಯಾದವರು ಕಟ್ಟುಪಾಡು ಹಾಕಿ ಪಂದ್ಯದ ಆಟ ಮಾಡಿದರಂತೆ. ಗದೆಯ ಕತೆಯಂತೂ ನಮ್ಮದೇ. ನಮ್ಮ ಗರಡಿಗಳಲ್ಲಿ ಪೈಲ್ವಾನರು ಹೆಗಲ ಸುತ್ತ ತಿರುಗಿಸುವ ಮರದ ಗದೆಯನ್ನು ನೋಡಿದ ಬ್ರಿಟಿಷ್ ಸಿಪಾಯಿಗಳು ಅದನ್ನು ತಮ್ಮ ದೇಶಕ್ಕೆ ಕೊಂಡೊಯ್ದರು; ಅಲ್ಲಿ ಅದು ಸವೆದು, ಸಣ್ಣದಾಗಿ, ಹುಡುಗಿಯರ ಕೈಗೆ ಬಂತು. ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಅಜ್ಜಿ ತುಂಬ ಹೊತ್ತು ನಕ್ಕಳು. ಅಪ್ಪ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಸಾಮಾನು ತರಿಸುವ ಶಕ್ತಿ ಶಾಲೆಗೆ ಇರಲಿಲ್ಲ, ಹಾಗಾಗಿ ನಮ್ಮ ನಮ್ಮ ಮನೆಗಳನ್ನೇ ದೋಚಿದೆವು. ಹಗ್ಗಕ್ಕೆ ಮೊದಲು ತೆಂಗಿನ ನಾರಿನದನ್ನು ತಂದು ಅಂಗೈ ಕೆತ್ತಿಸಿಕೊಂಡೆವು, ಆಮೇಲೆ ಯಾರದೋ ಮನೆಯ ತೊಟ್ಟಿಲ ಹಗ್ಗ ಬಂತು. ಬಳೆಗೆ ಬುಟ್ಟಿ ಹೆಣೆಯುವವರು ಬಿದಿರು ಬಗ್ಗಿಸಿ ಕೊಟ್ಟರು. ಗದೆಯ ಬದಲು ನಾನು ಅಮ್ಮನ ಎರಡು ಲಟ್ಟಣಿಗೆಗಳನ್ನು ಹಿತ್ತಲಿನಲ್ಲಿ ತಿರುಗಿಸುತ್ತಿದ್ದೆ. ಅವು ಕಲ್ಲಿನ ಮೇಲೆ ಬಿದ್ದಾಗಲೆಲ್ಲ ಅಮ್ಮ ಒಳಗಿನಿಂದ ನನ್ನ ಪೂರ್ತಿ ಹೆಸರು ಹಿಡಿದು ಕೂಗುತ್ತಿದ್ದಳು. ನನ್ನ ಆಸೆ ಮಾತ್ರ ರಿಬ್ಬನ್ನಿನ ಮೇಲೆ. ಆ ಕಾಲಕ್ಕೆ ಪುಸ್ತಕಗಳಿಗೆಲ್ಲ ರಷ್ಯಾದಿಂದ ಬರುತ್ತಿದ್ದ ಪತ್ರಿಕೆಯ ನುಣುಪು ಹಾಳೆಯ ಬೈಂಡು ಹಾಕುತ್ತಿದ್ದೆವು. ನನ್ನ ಗಣಿತದ ಪುಸ್ತಕದ ಬೈಂಡಿನ ಮೇಲೆ ಒಬ್ಬ ಹುಡುಗಿ ಒಂಟಿ ಕಾಲಿನಲ್ಲಿ ನಿಂತಿದ್ದಳು. ಅವಳ ಕೋಲಿನ ತುದಿಯಿಂದ ಉದ್ದದ ಪಟ್ಟಿಯೊಂದು ಹೊರಟು ಗಾಳಿಯಲ್ಲಿ ಸುರುಳಿ ಸುರುಳಿಯಾಗಿ ನಿಂತಿತ್ತು. ನಾನು ಲೆಕ್ಕದಲ್ಲಿ ಹಿಂದೆ ಬಿದ್ದದ್ದಕ್ಕೆ ಅವಳೂ ಒಂದು ಕಾರಣ.

ಸ್ವಲ್ಪ ದಿನದಲ್ಲೇ ಮಿಸ್ ಒಂದು ಸುದ್ದಿ ತಂದರು. ಬೇಲೂರಿನಲ್ಲಿ ನಡೆಯುವ ತಾಲ್ಲೂಕು ಕ್ರೀಡಾಕೂಟದಲ್ಲಿ ಈ ಆಟವನ್ನು ಎಲ್ಲರ ಮುಂದೆ ಮಾಡಿ ತೋರಿಸಬೇಕು, ಒಂದೊಂದು ಸಾಮಾನಿಗೆ ಒಬ್ಬೊಬ್ಬ ಹುಡುಗಿ. ರಿಬ್ಬನ್ನಿಗೆ ನಾನು ಕೈ ಎತ್ತಿದೆ. ನನ್ನ ಜೊತೆ ಬಿಕ್ಕೋಡಿನ ಕಡೆಯಿಂದ ಬಂದು ಸೇರಿದ್ದ ಇನ್ನೊಬ್ಬಳೂ ಎತ್ತಿದಳು. ಮನೆಯಲ್ಲಿ ದಿನಾ ಕೈ ತಿರುಗಿಸದೆ ಇದು ಬರುವುದಿಲ್ಲ, ಯಾರ ಮನೆಯಲ್ಲಿ ರಿಬ್ಬನ್ ಇರಲು ಒಪ್ಪುತ್ತಾರೋ ಅವರು ಬನ್ನಿ ಎಂದರು ಮಿಸ್. ಆ ಸಂಜೆ ಅಪ್ಪ ಖಂಡಿತವಾಗಿ ಹೇಳಿಬಿಟ್ಟರು.

“ಅಂಗಡಿಗೆ ಬಂದೋರೆಲ್ಲ, ನಿಮ್ಮ ಮಗಳು ಬೇಲೂರಲ್ಲಿ ಕುಣಿತಾಳಂತಲ್ಲ ಅಂತ ಕೇಳ್ತಾರೆ. ನಾನು ಏನು ಹೇಳ್ಲಿ? ಬೇಡ ಕಣಮ್ಮ. ಆಟ ಗೀಟ ಶಾಲೇಲೇ ಮುಗಿಸ್ಕೊಂಡು ಬಾ.”

ಅಪ್ಪ ಕೂಗಾಡುವವರಲ್ಲ. ಅವರು ಮೆಲ್ಲಗೆ ಬೇಡ ಅಂದರೆ ಅದು ಗೋಡೆಗೆ ಮೊಳೆ ಹೊಡೆದ ಹಾಗೆ. ನಾನು ಅಳುತ್ತಾ ಅಜ್ಜಿಯ ಪಕ್ಕ ಹೋಗಿ ಕೂತೆ. ಅವಳಿಗೆ ನನ್ನ ಅಳುವಿಗಿಂತ ಆ ವಸ್ತುವಿನ ಮೇಲೆ ಕುತೂಹಲ ಜಾಸ್ತಿ.

“ನೋಡಾಕೆ ಹೆಂಗೈತೆ ಅದು? ಇದ್ದಂಗೆ ಹೇಳು.”

ನಾನು ಬೈಂಡಿನ ಚಿತ್ರವನ್ನು ಮುಂದೆ ಇಟ್ಟುಕೊಂಡು ಹೇಳಿದೆ. “ಕೋಲಿನ ತುದೀಲಿ ನಾಕು ಬೆರಳಗಲ ಪಟ್ಟಿ ಅಜ್ಜಿ. ತುಂಬಾ ಉದ್ದ. ಗಾಳೀಲಿ ಸುರುಳಿ ಸುರುಳಿಯಾಗಿ ನಿಂತೈತೆ.”

“ನಿಂತೈತಾ?”

“ನಿಂತೈತೆ.”

“ಬಟ್ಟೆ ತಾನಾಗೇ ನಿಲ್ಲಾಕಿಲ್ಲ ಕಣೇ. ಗಂಜಿ ಹಾಕಿರ್ತಾರೆ.”

ಇದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ನಮ್ಮದು ಬಟ್ಟೆಯವರ ಮನೆ. ರಿಬ್ಬನ್ ಆಡುವುದನ್ನು ನಾವ್ಯಾರೂ ಕಂಡಿರಲಿಲ್ಲ, ಊರಿಗೆ ಟಿ.ವಿ. ಬಂದಿರಲಿಲ್ಲ, ಕಂಡದ್ದು ಆ ಒಂದು ಚಿತ್ರ, ಅದರಲ್ಲಿ ಪಟ್ಟಿ ಅಲ್ಲಾಡದೆ ನಿಂತಿತ್ತು. ಮರುದಿನ ಅಪ್ಪ ಗಂಡಸಿ ಊರಿನ ಸಂತೆಗೆ ಹೋಗಿದ್ದಾಗ ಅಜ್ಜಿ ಬಿಳಿ ವಾಯಿಲ್ ಪಟ್ಟಿಯೊಂದನ್ನು ಕತ್ತರಿಸಿ, ಸಬ್ಬಕ್ಕಿಯ ಗಂಜಿಯನ್ನು ಅಂಟಿನ ಹದಕ್ಕೆ ಕಾಯಿಸಿ, ಅದರಲ್ಲಿ ಅದ್ದಿದಳು. ಕಣ್ಣು ಕಾಣದಿದ್ದರೂ ಅವಳ ಬೆರಳುಗಳಿಗೆ ಹದ ಗೊತ್ತಿತ್ತು. ಆಮೇಲೆ ಇಬ್ಬರೂ ಸೇರಿ ಅದನ್ನು ಒನಕೆಗೆ ಸುತ್ತಿ ಬಿಸಿಲಿಗೆ ಇಟ್ಟೆವು. ಒಣಗಿದ ಮೇಲೆ ಒನಕೆಯಿಂದ ಜಾರಿಸಿದರೆ, ಅಬ್ಬಾ, ಚಿತ್ರದಲ್ಲಿ ಇದ್ದ ಹಾಗೇ ಸುರುಳಿ ಸುರುಳಿ! ಅದನ್ನು ಬಿದಿರು ಕೋಲಿಗೆ ಹೊಲಿದು, ಮುರಿಯದ ಹಾಗೆ ಬುಟ್ಟಿಯಲ್ಲಿಟ್ಟುಕೊಂಡು, ತಲೆಯ ಮೇಲೆ ಹೊತ್ತು ಶಾಲೆಗೆ ಹೋದೆ. ಮೈದಾನದ ನಡುವೆ ನಿಂತು ಕೈ ಬೀಸಿದೆ. ಇಡೀ ಸುರುಳಿ ಗಟ್ಟಿ ಚಕ್ಕುಲಿಯ ಹಾಗೆ ಒಂದೇ ಮುದ್ದೆಯಾಗಿ ಬಂದು ನನ್ನ ಕಿವಿಗೆ ಬಡಿಯಿತು. ಇನ್ನೊಮ್ಮೆ ಬೀಸಿದೆ, ಲಟಲಟ ಎಂದು ಮುರಿದು ತಲೆತುಂಬ ಬಿಳಿ ಹೊಟ್ಟು ಉದುರಿತು. ಹುಡುಗಿಯರು ನೆಲದ ಮೇಲೆ ಬಿದ್ದು ಹೊರಳಾಡಿದರು. ಸ್ಟೆಲ್ಲಾ ಮಿಸ್ಸೇ ಕೂತುಕೊಂಡು ಕಣ್ಣೊರೆಸಿಕೊಂಡರು. ಆವತ್ತಿನಿಂದ ಶಾಲೆ ಬಿಡುವವರೆಗೂ ನನ್ನ ಹೆಸರು ಗಂಜಿ ಸುಮತಿ.

ನಗು ಮುಗಿದ ಮೇಲೆ ಮಿಸ್ ನನ್ನ ಕೂದಲಿನಿಂದ ಹೊಟ್ಟು ಕೊಡವುತ್ತಾ ಹೇಳಿದರು.

“ಸುರುಳಿ ಬಟ್ಟೆಯಲ್ಲಿ ಇರಲ್ಲ ಕಣೇ, ನಿನ್ನ ಮಣಿಕಟ್ಟಲ್ಲಿ ಇರುತ್ತೆ. ಕೈ ನಿಂತರೆ ರಿಬ್ಬನ್ನೂ ಬಿದ್ದುಹೋಗುತ್ತೆ. ಇದನ್ನು ಮಾಡಿಕೊಟ್ಟೋರು ಯಾರು?”

“ನಮ್ಮಜ್ಜಿ.”

“ನಾನು ಅವರನ್ನ ನೋಡಬೇಕು.”

ಹೀಗೆ ಆ ಸಂಜೆ ಮಿಸ್ ತಮ್ಮ ಸ್ವಂತ ರಿಬ್ಬನ್ನನ್ನು ಕೋಲಿಗೆ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ನಾನು ಅವರಿಗೆ ಅಪ್ಪ ಬೇಡ ಅಂದದ್ದನ್ನು ಹೇಳಿದ್ದೆ, ಅಜ್ಜಿಯ ನಿಯಮದ ವಿಷಯ ಹೇಳುವುದು ಹೊಳೆದಿರಲಿಲ್ಲ. ಅಜ್ಜಿ ಬಾಗಿಲಲ್ಲಿ ಕೂತಿದ್ದಳು. ಕೈಗೆ ಬಂದದ್ದನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಎಂಥ ಬಟ್ಟೆ ಎಂದು ಕೇಳಿದಳು. ಮಿಸ್ ಹೆಮ್ಮೆಯಿಂದ ಹೇಳಿದರು.

“ಅಪ್ಪಟ ರೇಷ್ಮೆ ಅಮ್ಮ. ಬೆಂಗಳೂರಲ್ಲಿ ತಗೊಂಡಿದ್ದು.”

ಅಜ್ಜಿ ಬೆರಳು ಹಿಂದಕ್ಕೆ ತೆಗೆದುಕೊಂಡಳು.

“ನೀವು ಒಳಗೆ ಬನ್ನಿ ತಾಯಿ, ಊಟ ಮಾಡ್ಕೊಂಡು ಹೋಗಿ. ಅದು ಹೊಸಿಲಾಚೆಗೇ ಇರ್ಲಿ.”

ಮಿಸ್ ತಬ್ಬಿಬ್ಬಾದರು. ನಾನು ಅಳುದನಿಯಲ್ಲಿ ನಿಯಮದ ಕತೆಯೆಲ್ಲ ಹೇಳಿದೆ. ಕೇಳಿ ಬೇಸರಪಟ್ಟುಕೊಂಡು ಹೊರಟುಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಚಪ್ಪಲಿ ಬಿಟ್ಟು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಯಲ್ಲೇ ನಿಂತು ರಿಬ್ಬನ್ ಬಿಚ್ಚಿದರು. ಆವತ್ತು ಮೊದಲ ಸಲ ಅದು ಆಡುವುದನ್ನು ನೋಡಿದೆ. ಹಾವಾಗಿ ಹರಿಯಿತು, ಸುರುಳಿಯಾಯಿತು, ಎಂಟರ ಆಕಾರ ಬರೆಯಿತು, ಅಷ್ಟರಲ್ಲಿ ಅಳಿಸಿಯೂ ಹೋಯಿತು. ಮೇವು ಮುಗಿಸಿ ಬರುತ್ತಿದ್ದ ಹಸುಗಳು ನಿಂತವು. ಅಂಗಡಿಯಲ್ಲಿದ್ದ ಗಿರಾಕಿಗಳು ಹೊರಗೆ ಬಂದರು, ಅವರ ಹಿಂದೆ ಅಪ್ಪನೂ ಬಂದರು. ಅಜ್ಜಿ ಕತ್ತು ಮುಂದೆ ಚಾಚಿ ಕೂತಿದ್ದಳು.

“ಏನೋ ಬೆಳ್ಳಗೆ ಹರಿದಾಡ್ತು. ಇನ್ನೊಂದ್ ಸಲ ಮಾಡಿ ತಾಯಿ. ಇದಕ್ಕೆ ರೇಷ್ಮೇನೇ ಆಗ್ಬೇಕಾ?”

“ಸ್ಯಾಟಿನ್ ಆದ್ರೂ ನಡೆಯುತ್ತೆ ಅಮ್ಮ. ನನಗೆ ರೇಷ್ಮೆ ಅಂತ ಕೊಟ್ರು.”

ಅಜ್ಜಿಯ ಹುಬ್ಬು ಮೇಲಕ್ಕೇರಿತು. “ಅಂತ ಕೊಟ್ರಾ? ಎಳೆ ಸುಟ್ಟು ನೋಡಿದ್ರಾ?” ಎಂದವಳೇ ಅಪ್ಪನನ್ನು ಕರೆದಳು.

ಜವಳಿಯವರಿಗೆ ಇದು ದಿನನಿತ್ಯದ ವಿದ್ಯೆ. ಎಳೆ ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಬೂದಿಯಾದರೆ ಅದು ರೇಷ್ಮೆ. ಮುದುಡಿ ಗಟ್ಟಿ ಗಂಟಾದರೆ ಮಿಲ್ಲಿನ ನೂಲು. ಅಜ್ಜಿಯ ಕೈಲಿ ಅದು ಆಗುತ್ತಿರಲಿಲ್ಲ. ಅವಳ ಮೂಗು ಕಣ್ಣಿಗಿಂತ ಮುಂಚೆಯೇ ರಾಜೀನಾಮೆ ಕೊಟ್ಟಿತ್ತು. ಅಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ರಿಬ್ಬನ್ನಿನ ತುದಿಯಿಂದ ಒಂದು ಎಳೆ ಕಿತ್ತುಕೊಂಡು, ಗಾಳಿಗೆ ಬೆನ್ನು ಕೊಟ್ಟು, ಜಗಲಿಯ ಆ ಮೂಲೆಗೆ ಹೋಗಿ ಕಡ್ಡಿ ಗೀರಿದರು. ನಾವು ಇತ್ತ ನಿಂತಿದ್ದೆವು. ಆ ಎಳೆ ಏನಾಯಿತು ಎನ್ನುವುದು ಅಪ್ಪನಿಗೆ ಬಿಟ್ಟು ಇನ್ನಾರಿಗೂ ಕಾಣುತ್ತಿರಲಿಲ್ಲ. ಈ ಆಟ ಬೇಡ ಅಂದವರು ಅಪ್ಪ. ಈಗ ರೇಷ್ಮೆ ಎಂದು ಒಂದೇ ಒಂದು ಮಾತು ಹೇಳಿದರೆ ಸಾಕು, ಗದ್ದಲವಿಲ್ಲದೆ, ಯಾರ ಮನಸ್ಸೂ ಕೆಡದೆ, ಅಜ್ಜಿಯ ನಿಯಮದ ಹೆಸರಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಅವರು ಬೆರಳುಗಳನ್ನು ಉಜ್ಜುತ್ತಾ ಉಜ್ಜುತ್ತಾ ನಿಂತೇ ಇದ್ದರು.

“ಏನಾಯ್ತೋ?” ಅಜ್ಜಿ ಕೇಳಿದಳು.

ಅಪ್ಪ ಒಮ್ಮೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಪ್ರೀತಿ ಗೀತಿ ಏನೂ ಇರಲಿಲ್ಲ, ಸಿಟ್ಟೇ ಇತ್ತು.

“ರೇಷ್ಮೆ ಅಲ್ಲ ಕಣಮ್ಮ. ಗಂಟು ಕಟ್ಕೊಂತು. ಮಿಲ್ಲಿನ ನೂಲು.” ಆಮೇಲೆ ಮಿಸ್ ಕಡೆ ತಿರುಗಿದರು. “ನಿಮಗೆ ಮೋಸ ಆಗೈತೆ ಮೇಡಂನೋರೇ.”

ಪಾಪ, ಮಿಸ್ ಮುಖ ಸಪ್ಪಗಾಯಿತು. ನಾನು ಅದೇ ಹೊತ್ತಿಗೆ ಕುಣಿದಾಡುತ್ತಿದ್ದೆ. ಅಜ್ಜಿ ಸರಿದು ದಾರಿ ಬಿಟ್ಟಳು, ರಿಬ್ಬನ್ ಹೊಸಿಲು ದಾಟಿತು, ಮಿಸ್ ನಮ್ಮ ಜೊತೆ ಕೂತು ಹೆಸರುಕಾಳಿನ ಹುಳಿಯಲ್ಲಿ ಅಕ್ಕಿರೊಟ್ಟಿ ತಿಂದರು. ಊಟದ ನಡುವೆ ಅಪ್ಪ ಹೇಳಿದರು.

“ರೇಷ್ಮೆ ಅಲ್ಲ ಅಂದೆ. ಬೇಲೂರಿಗೆ ಹೋಗು ಅಂತ ಅನ್ಲಿಲ್ಲ.”

ಅಪ್ಪ ಒಪ್ಪದಿದ್ದರೆ ಬಿಕ್ಕೋಡಿನವಳು ಎಂದು ಹೇಳಿ ಮಿಸ್ ರಿಬ್ಬನ್ನನ್ನು ನನ್ನ ಬಳಿ ಬಿಟ್ಟುಹೋದರು. ಆಮೇಲಿನ ದಿನಗಳಲ್ಲಿ ನಾನು ಶಾಲೆಯಿಂದ ಓಡಿ ಬಂದು ಊಟಕ್ಕೆ ಕರೆಯುವವರೆಗೂ ಹಿತ್ತಲಿನಲ್ಲಿ ಕೈ ತಿರುಗಿಸುತ್ತಿದ್ದೆ. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು, ಈಗ ಏನು ಮಾಡಿದೆ, ಈಗ ಏನಾಯ್ತು ಎಂದು ಕೇಳುತ್ತಲೇ ಇರುತ್ತಿದ್ದಳು. ನಾನು ಆಡುತ್ತಲೇ ಹೇಳಬೇಕು, ಹೇಳುತ್ತಾ ಹೇಳುತ್ತಾ ಎಲ್ಲಿ ತಪ್ಪಿತು ಎಂದು ನನಗೇ ತಿಳಿಯುತ್ತಿತ್ತು. ಈಗ ಮೈಸೂರಿನಲ್ಲಿ ನನ್ನ ಹತ್ತಿರ ಕಲಿಯುವ ಮಕ್ಕಳಿಗೂ ಆಡಿದ್ದನ್ನು ಬಾಯಿಬಿಟ್ಟು ಹೇಳಿಸುತ್ತೇನೆ, ಅವರು ನನ್ನನ್ನು ಸ್ವಲ್ಪ ತಿಕ್ಕಲು ಎಂದುಕೊಂಡಿದ್ದಾರೆ. ಅಪ್ಪ ಅಂಗಡಿಯ ಹಿಂಬಾಗಿಲಿಗೆ ಬಂದು ನಿಲ್ಲಲು ಶುರು ಮಾಡಿದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಅವರಿಗೆ ನನ್ನ ಕುಣಿತದ ಚಿಂತೆಯಿರಲಿಲ್ಲ, ಬಟ್ಟೆಯದಿತ್ತು.

“ಪಟ್ಟಿ ಮಣ್ಣು ಮುಟ್ತಾ ಐತೆ! ಯಾರಾದ್ರೂ ಬಟ್ಟೇನ ಹಿಂಗೆ ನೆಲಕ್ಕೆ ಬಿಡ್ತಾರಾ? ಕೈ ಮೇಲೆತ್ತು.”

ನಾನು ಕೈ ಮೇಲೆತ್ತಿದೆ. ರಿಬ್ಬನ್ನಿನ ಬಾಲ ಬೀಳುವುದು ನಿಂತಿತು. ಸ್ಟೆಲ್ಲಾ ಮಿಸ್ ನನಗೆ ಎಷ್ಟೋ ದಿನದಿಂದ ಹೇಳುತ್ತಿದ್ದದ್ದು ಅದನ್ನೇ. ಅಪ್ಪನಿಗೆ ಇದು ಗೊತ್ತಾಗದ ಹಾಗೆ ನೋಡಿಕೊಂಡೆ, ಗೊತ್ತಾದರೆ ಬಾಗಿಲಿಗೆ ಬರುವುದನ್ನೇ ಬಿಡುತ್ತಾರೆ ಎಂಬ ಭಯ.

ಆದರೂ ಅವರ ಬಾಯಿಂದ ಹೋಗು ಎಂಬ ಮಾತು ಬರಲಿಲ್ಲ. ಕ್ರೀಡಾಕೂಟದ ಹಿಂದಿನ ದಿನ ಅಮ್ಮ ಹೊಲಿದಿದ್ದ ಬಿಳಿ ಪೈಜಾಮ, ಅಂಗಿ ಗೂಟದ ಮೇಲಿದ್ದವು. ಅವನ್ನು ನಾನೇ ಹಾಕಿಕೊಳ್ಳುತ್ತೇನೋ, ಇಲ್ಲ ಬಿಕ್ಕೋಡಿನವಳಿಗೆ ಕೊಡುತ್ತೇನೋ ಎಂದು ಯೋಚಿಸುತ್ತಾ ನಾನು ಅನ್ನ ಕಲಸುತ್ತಿದ್ದೆ. ಆಗ ಅಜ್ಜಿ ತಣ್ಣಗೆ ಒಂದು ಮಾತು ಹೇಳಿದಳು.

“ನಾಳೆ ನಾನು ಬೇಲೂರಿಗೆ ಹೋಗಿ ಇವಳ ಆಟ ನೋಡ್ಬೇಕು.”

“ನಿಂಗೆ ಕಣ್ಣೆಲ್ಲಮ್ಮ ಕಾಣ್ತೈತೆ?” ಅಪ್ಪ ಕೇಳಿದರು.

“ಅದಕ್ಕೇ ನೀನೂ ಬಾ. ಇದ್ದಂಗೆ ಹೇಳೋನು ಈ ಮನೇಲಿ ನೀನೊಬ್ಬನೇ.”

ಅಪ್ಪ ಕೈ ತೊಳೆಯಲು ಎದ್ದು ಹೋಗುವಾಗ, ಬೆಳಗಿನ ಬಸ್ಸಿಗೆ ಹೊರಡಬೇಕು, ಅಂಗಡಿ ತೆಗೆಯುವುದಿಲ್ಲ ಎಂದು ಗೋಡೆಗೆ ಹೇಳಿದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಬೇಲೂರಿನ ಮೈದಾನದ ಸುತ್ತ ಜನವೋ ಜನ; ಅಪ್ಪ ಅಜ್ಜಿಯನ್ನು ಬೇಲಿಯ ಪಕ್ಕ ನಿಲ್ಲಿಸಿಕೊಂಡಿದ್ದರು. ನಾಲ್ವರು ಹುಡುಗಿಯರದು ಮುಗಿದ ಮೇಲೆ ಕಡೆಯದಾಗಿ ನನ್ನನ್ನು ಕರೆದರು. ಮೈಕ್ ಸೆಟ್ಟಿನವನು ಕೊಳಲಿನ ರೆಕಾರ್ಡು ಹಾಕಿದ, ನಾನು ಓಡಿ ಬಂದು ಮೊದಲ ಸುತ್ತು ತೆಗೆದೆ. ಕೈ ಬಿಸಿಯಾಗುವಷ್ಟರಲ್ಲಿ ಕೊಳಲು ಎಳೆದಂತಾಗಿ, ಕರಗಿ, ನಿಂತೇಹೋಯಿತು. ಕರೆಂಟ್ ಹೋಗಿತ್ತು. ಇಡೀ ಮೈದಾನ ಮೌನವಾಯಿತು. ಏನು ಮಾಡಬೇಕೆಂದು ತೋಚದೆ ಇನ್ನೇನು ಕೈ ಇಳಿಸಬೇಕು, ಆಗ ಬೇಲಿಯ ಕಡೆಯಿಂದ ಅಪ್ಪನ ದನಿ ಕೇಳಿತು. ಸಂಗೀತ ಜೋರಾಗಿದ್ದಾಗ ಅಜ್ಜಿಗೆ ಕೇಳಲೆಂದು ಎತ್ತಿದ್ದ ದನಿಯನ್ನು ಅವರು ಇಳಿಸಿರಲಿಲ್ಲ.

“ಕರೆಂಟ್ ಹೋಯ್ತು ಕಣಮ್ಮ. ಅವಳು ನಿಂತಿಲ್ಲ. ಹಾವು ಬಿಟ್ಟಂಗೆ ಬಿಟ್ಟವಳೆ. ಈಗ ಸುರುಳಿ. ಒಂದು, ಇನ್ನೊಂದು, ಚಿಕ್ಕ ಚಿಕ್ಕ ಸುರುಳಿ.”

ನಾನು ನಿಂತಿಲ್ಲ ಎಂದು ಅಪ್ಪ ಹೇಳಿದ ಮೇಲೆ ನಿಲ್ಲುವುದು ಹೇಗೆ? ಕೈ ಇಳಿಸಲಿಲ್ಲ. ಅವರ ದನಿಯನ್ನೇ ಹಿಡಿದುಕೊಂಡು ಆಡಿದೆ. ಅವರು ನೋಡಿದ್ದನ್ನು ಹೇಳುತ್ತಿದ್ದರು, ನಾನು ಅವರು ಹೇಳಿದ ಓಟಕ್ಕೆ ಹೆಜ್ಜೆ ಹಾಕುತ್ತಿದ್ದೆ.

“ಬಾಲದಲ್ಲಿ ಒಂದು ಗಂಟು ಬಿದ್ದೈತೆ,” ಎಂದೂ ಹೇಳಿದರು ಪುಣ್ಯಾತ್ಮ, ಊರಿಗೆಲ್ಲ ಕೇಳುವ ಹಾಗೆ. “ಪರವಾಗಿಲ್ಲ. ಬಿಚ್ಕೊಂತು. ಪಟ್ಟಿ ನೆಲ ಮುಟ್ಟಿಲ್ಲ ಕಣಮ್ಮ, ಒಂದ್ ಸಲಾನೂ ಮುಟ್ಟಿಲ್ಲ. ಈಗ ಓಡ್ತಾವಳೆ. ಅಯ್ಯೋ, ಕೋಲನ್ನೇ ಮೇಲಕ್ಕೆ ಎಸೆದ್ಲು!”

“ಹಿಡಿದ್ಲೇನೋ?”

ರಿಬ್ಬನ್ ಬಿಸಿಲಿನಲ್ಲಿ ಇಳಿದು ಬಂತು. ಕೋಲು ನನ್ನ ಅಂಗೈಗೆ ಸಿಕ್ಕಿತು, ನಾನು ಮಂಡಿಯೂರಿ ನಿಂತೆ. ಚಪ್ಪಾಳೆ ಇನ್ನೂ ಶುರುವಾಗಿರಲಿಲ್ಲ. ಬೇಲಿಯ ಕಡೆ ನೋಡಿದರೆ ಅಜ್ಜಿ ಅಪ್ಪನ ಅಂಗಿಯ ತೋಳು ಹಿಡಿದು ಎಳೆಯುತ್ತಿದ್ದಳು.

“ಹೇಳೋ, ಹಿಡಿದ್ಲೇನೋ? ಇದ್ದಂಗೆ ಹೇಳೋ!”

ಅಪ್ಪ ಎರಡು ಸಲ ಬಾಯಿ ತೆರೆದರು. ಅವರ ಮುಖವೆಲ್ಲ ಒದ್ದೆಯಾಗಿತ್ತು, ಮಾತು ಹೊರಡಲಿಲ್ಲ. ಕೊನೆಗೆ ನಾನೇ ಮೈದಾನದ ನಡುವಿನಿಂದ ಕೋಲನ್ನು ಮೇಲೆತ್ತಿ ಕೂಗಿದೆ.

“ಹಿಡಿದೆ, ಅಜ್ಜೀ!”